ಅಕ್ಕಿ ತೂಗಬೇಕಾ, ಅನ್ನ ಅಳೆಯಬೇಕಾ?

ಪ್ರಶ್ನೆ: ನನಗೆ 46 ವರ್ಷ. ಹಾಸನದ ಹತ್ತಿರದ ಹಳ್ಳಿ. ರಕ್ತದ ಸಕ್ಕರೆ ಅಂಚಿನಲ್ಲಿದೆ, ಸ್ವಲ್ಪ ತೂಕ ಇಳಿಸಿ ಅಂತ ಡಾಕ್ಟರ್ ಹೇಳಿದ್ದಾರೆ. ಎರಡು ತಿಂಗಳಿಂದ ತಿಂದದ್ದನ್ನೆಲ್ಲ ಮೊಬೈಲ್ ಆ್ಯಪಿನಲ್ಲಿ ಬರೆಯುತ್ತಿದ್ದೇನೆ. ಒಂದು ಬಟ್ಟಲು ಅನ್ನ, ಒಂದು ಬಟ್ಟಲು ಹುಳಿ, ಒಂದು ಮುದ್ದೆ, ಒಂದು ಚಮಚ ತುಪ್ಪ, ಹೀಗೆ. ದಿನಕ್ಕೆ 1,400 ಕ್ಯಾಲೊರಿ ಅಂತ ಆ್ಯಪ್ ತೋರಿಸುತ್ತದೆ. ಆದರೆ ಒಂದು ಕಿಲೋ ಕೂಡ ಇಳಿದಿಲ್ಲ. ಅಡುಗೆಮನೆಗೆ ತೂಕದ ಯಂತ್ರ ತಗೋ ಅಂತ ಮಗ ಹೇಳುತ್ತಾನೆ. ಉಣ್ಣೋ ಅನ್ನ ತೂಗಬಾರದು ಅಂತ ಅತ್ತೆ ಬೇಜಾರು ಮಾಡಿಕೊಳ್ಳುತ್ತಾರೆ. ತೂಕವೇ ಬೇಕಾ, ಅಳತೆ ಬಟ್ಟಲು ಸಾಕಾ? ತೂಗುವುದಾದರೆ ಅಕ್ಕಿಯನ್ನೋ, ಅನ್ನವನ್ನೋ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಅಕ್ಕಿಯನ್ನು ತೂಗಿ. ಬೇಳೆ, ಹಿಟ್ಟು, ಎಣ್ಣೆ, ತುಪ್ಪ, ಕಾಯಿತುರಿ, ಕಡಲೆಬೀಜ ಇವನ್ನೂ ಒಲೆಗೆ ಹೋಗುವ ಮುಂಚೆ ತೂಗಿ. ಬೆಂದ ಅನ್ನವನ್ನು ತೂಗುವ ತಲೆನೋವು ಬೇಡ, ಅದನ್ನು ಪಾಲು ಮಾಡಿದರೆ ಸಾಕು. ಮಗ ಹೇಳಿದಂತೆ ಒಂದು ಯಂತ್ರ ತಗೊಳ್ಳಿ. ಆದರೆ ಅದು ಊಟದ ತಟ್ಟೆಯ ಹತ್ತಿರ ಬರಬೇಕಾಗಿಲ್ಲ.

ನೀವು ಬರೆದ 1,400 ಸುಳ್ಳು ಅಂತ ನಾನು ಹೇಳುವುದಿಲ್ಲ. ನೀವು ಪ್ರಾಮಾಣಿಕವಾಗಿಯೇ ಬರೆದಿದ್ದೀರಿ. ನಿಮ್ಮ ಬಟ್ಟಲು ಬೇರೆ, ಆ್ಯಪಿನ ಬಟ್ಟಲು ಬೇರೆ, ಅಷ್ಟೇ.

ನನ್ನ ಹತ್ತಿರ ಬರುವವರಿಗೆ ಎರಡನೇ ಸಲ ಬರುವಾಗ ಮನೆಯ ಬಟ್ಟಲು ಮತ್ತು ಚಮಚ ತನ್ನಿ ಅಂತ ಹೇಳುತ್ತೇನೆ. ಒಬ್ಬ ತಾಯಿ ತುಪ್ಪದ ಡಬ್ಬಿಯನ್ನೇ ತಂದಿದ್ದರು. ಚಳಿಗಾಲ, ತುಪ್ಪ ಗಟ್ಟಿಯಾಗಿತ್ತು. ದಿನಾ ಹಾಕಿಕೊಳ್ಳುವಷ್ಟು ತೆಗೆಯಿರಿ ಅಂದೆ. ಊಟದ ಚಮಚವನ್ನು ಒಳಗೆ ಒತ್ತಿ ತೆಗೆದರು. ಚಮಚದ ಕುಳಿಯಲ್ಲಿ ಇದ್ದಷ್ಟೇ ತುಪ್ಪ ಅದರ ಮೇಲೆ ಗುಡ್ಡದ ಹಾಗೆ ಕೂತಿತ್ತು. ತೂಗಿದರೆ 14 ಗ್ರಾಂ. ಅವರ ಆ್ಯಪಿನಲ್ಲಿ 'ಒಂದು ಚಮಚ' ಅಂದರೆ 5 ಮಿಲಿ ಹಿಡಿಯುವ ಅಳತೆಯ ಟೀ ಚಮಚ. ಅದರಲ್ಲಿ ತುಪ್ಪ ತಲೆ ಸವರಿದಂತೆ ತುಂಬಿದರೆ ನಾಲ್ಕೂವರೆ ಗ್ರಾಂ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ. ಅವರು ಬರೆದದ್ದು 40, ತಿಂದದ್ದು 126. ಮಧ್ಯಾಹ್ನ ಒಂದು ಚಮಚ, ರಾತ್ರಿ ಒಂದು ಚಮಚ ಅಂದರೆ ತುಪ್ಪದಲ್ಲೇ ದಿನಕ್ಕೆ 170 ಕ್ಯಾಲೊರಿ ಲೆಕ್ಕಕ್ಕೆ ಬರದೆ ಹೊಟ್ಟೆಗೆ ಹೋಯಿತು. ಆ ತಾಯಿಯ ಮುಖ ಸಪ್ಪಗಾಯಿತು. ನನಗೂ ಬೇಜಾರಾಯಿತು, ಅಷ್ಟು ದಿನ ಅವರು ಹಸಿವು ತಡೆದುಕೊಂಡು ಬರೆದಿದ್ದರು.

ಅನ್ನದ ಬಟ್ಟಲಿನ ಕತೆಯೂ ಇದೇ. ಆ್ಯಪುಗಳಲ್ಲಿ 'ಕಪ್' ಅಂತ ಇರುವುದು ಹೆಚ್ಚಾಗಿ ಅಮೆರಿಕದ ಕಪ್, ಸುಮಾರು 237 ಮಿಲಿ. ಅಲ್ಲಿ ಅಡುಗೆ ಕಲಿಸುತ್ತಿದ್ದ ಫ್ಯಾನಿ ಫಾರ್ಮರ್ ಎಂಬ ಹೆಣ್ಣುಮಗಳು 1896ರ ಹೊತ್ತಿಗೆ, ಕಪ್ಪನ್ನೂ ಚಮಚವನ್ನೂ ಚಾಕುವಿನಿಂದ ತಲೆ ಸವರಿಯೇ ಅಳೆಯಬೇಕು ಅಂತ ಹಟ ಹಿಡಿದು ಕಲಿಸಿದರು. ಅಲ್ಲಿನ ಮನೆಗಳಿಗೆ ಅದು ಒಗ್ಗಿತು. ನಮ್ಮ ಸ್ಟೀಲ್ ಬಟ್ಟಲಿಗೆ ಅಂಥ ಅಳತೆ ಯಾರೂ ಕಟ್ಟಿಲ್ಲ. ಮದುವೆಯಲ್ಲಿ ಉಡುಗೊರೆ ಬಂದ ಬಟ್ಟಲು 150 ಮಿಲಿ ಇರಬಹುದು, ಪಾಯಸದ ಬಟ್ಟಲು 300 ಇರಬಹುದು. ಎರಡೂ 'ಒಂದು ಬಟ್ಟಲು'.

ಹಾಗಂತ ಅಳತೆ ಅನ್ನೋದೇ ಕೆಟ್ಟದ್ದಲ್ಲ. ನಮ್ಮ ಕಡೆ ಪಾವು, ಅಚ್ಚೇರು, ಸೇರು ಇಟ್ಟುಕೊಂಡೇ ನೂರಾರು ವರ್ಷ ಸಂಸಾರ ನಡೆಸಿದ್ದಾರೆ. ನಾಲ್ಕು ಪಾವಿಗೆ ಒಂದು ಸೇರು. ಆದರೆ ಸೇರು ಅನ್ನುವ ಮಾತಿನಲ್ಲೇ ಒಂದು ಗೊಂದಲ ಇತ್ತು. ಕಾಳು ಅಳೆಯುವ ಸೇರು ಒಂದು ಪಾತ್ರೆ. ತಕ್ಕಡಿಯಲ್ಲಿ ತೂಗುವ ಸೇರು 80 ತೊಲ, ಈಗಿನ ಲೆಕ್ಕದಲ್ಲಿ ಸುಮಾರು 933 ಗ್ರಾಂ. 1958ರಿಂದ ಕಿಲೋಗ್ರಾಂ ಬರತೊಡಗಿದ ಮೇಲೆ ತೂಕದ ಸೇರು ಮರೆಯಾಯಿತು, ಅಳತೆಯ ಸೇರು ಮಾತ್ರ ಅಲ್ಲಲ್ಲಿ ಉಳಿಯಿತು. ದಾವಣಗೆರೆ ಕಡೆ ಮಂಡಕ್ಕಿಯನ್ನು ಸೇರಿನಲ್ಲೇ ಅಳೆದು ಕೊಡುತ್ತಾರೆ. ಸೇರು ತುಂಬ ಮಂಡಕ್ಕಿ ಮನೆಗೆ ತಂದು ತೂಗಿ ನೋಡಿ, ಕೈಗೆ ಭಾರವೇ ಹತ್ತುವುದಿಲ್ಲ. ಅದೇ ಸೇರು ತುಂಬ ಅಕ್ಕಿ ಎತ್ತಿದರೆ ಭಾರ ಕೈಗೆ ಹತ್ತುತ್ತದೆ.

ಅಂದರೆ ಪಾತ್ರೆ ಅಳೆಯುವುದು ಜಾಗವನ್ನು. ಆ ಜಾಗದಲ್ಲಿ ಗಾಳಿ ಎಷ್ಟು, ತಿನ್ನುವ ಪದಾರ್ಥ ಎಷ್ಟು ಅಂತ ಪಾತ್ರೆಗೆ ಗೊತ್ತಾಗುವುದಿಲ್ಲ. ಪೇಪರ್ ಅವಲಕ್ಕಿ ಒಂದು ಬಟ್ಟಲು, ಗಟ್ಟಿ ಅವಲಕ್ಕಿ ಒಂದು ಬಟ್ಟಲು ಪಕ್ಕಪಕ್ಕ ಇಟ್ಟು ತೂಗಿದರೆ ಎರಡನೆಯದು ಎಷ್ಟೋ ಭಾರ. ಕಾಯಿತುರಿಯನ್ನು ಸಡಿಲವಾಗಿ ಹಾಕಿದರೆ ಒಂದು ತೂಕ, ಬೆರಳಿನಲ್ಲಿ ಒತ್ತಿದರೆ ಇನ್ನೊಂದು. ಜರಡಿ ಹಿಡಿದ ಹಿಟ್ಟಿಗೂ ಡಬ್ಬಿಯ ತಳದಿಂದ ಕೆರೆದು ತೆಗೆದ ಹಿಟ್ಟಿಗೂ ಹಾಗೇ.

ಇಡ್ಲಿ ಹಿಟ್ಟಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ರಾತ್ರಿ ರುಬ್ಬಿ ಅರ್ಧ ಪಾತ್ರೆಗೆ ಬಿಟ್ಟ ಹಿಟ್ಟು ಬೆಳಿಗ್ಗೆ ಮುಚ್ಚಳ ಎತ್ತಿ ನಿಂತಿರುತ್ತದೆ. ಪಾತ್ರೆಯನ್ನು ರಾತ್ರಿ ಒಮ್ಮೆ, ಬೆಳಿಗ್ಗೆ ಒಮ್ಮೆ ತೂಗಿ. ತೂಕ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಉಬ್ಬಿದ್ದೆಲ್ಲ ಗಾಳಿ. ಹಾಗಾಗಿ ಉಬ್ಬಿದ ಹಿಟ್ಟಿನ ಒಂದು ಸೌಟಿನಲ್ಲಿ ಅಕ್ಕಿ-ಉದ್ದು ಕಡಿಮೆ. ನಾಲ್ಕನೇ ದಿನ ಫ್ರಿಜ್ಜಿನಿಂದ ತೆಗೆದು, ಕಲಕಿ, ಗಾಳಿ ಹೋದ ಮೇಲೆ ಹುಯ್ಯುವ ಒಂದು ಸೌಟಿನಲ್ಲಿ ಜಾಸ್ತಿ. ದೋಸೆ ಎರಡೂ ಒಂದೇ ಅಗಲ.

ನೀರಿನ ಹಾಗೆ ಹರಿಯುವುದಕ್ಕೆ ಮಾತ್ರ ಅಳತೆ ಪಾತ್ರೆ ಚೆನ್ನಾಗಿ ಒಪ್ಪುತ್ತದೆ. ಹಾಲು 100 ಮಿಲಿ ಅಂದರೆ 103 ಗ್ರಾಂ, ಆ ಮೂರು ಗ್ರಾಂ ತಲೆಗೆ ಹಚ್ಚಿಕೊಳ್ಳಬೇಡಿ. ಮಜ್ಜಿಗೆ, ತೆಳು ಮೊಸರು, ಕಾಫಿಗೆ ಹಾಕುವ ಹಾಲು, ಎಲ್ಲ ಲೋಟದ ಲೆಕ್ಕ ಸಾಕು. ಕಾಫಿಯನ್ನು ಎತ್ತಿ ಹುಯ್ದು ನೊರೆ ಬರಿಸುವ ಮುಂಚೆ ಅಳೆಯಿರಿ, ಅಷ್ಟೇ. ಎಣ್ಣೆ ನೀರಿಗಿಂತ ಹಗುರ. ನಿಮ್ಮ ಮನೆಯ ಎಣ್ಣೆ ಪ್ಯಾಕೆಟ್ ತಿರುಗಿಸಿ ನೋಡಿ, 1 ಲೀಟರ್ ಅಂತ ಬರೆದ ಕಡೆಯೇ 910 ಗ್ರಾಂ ಅಂತಲೂ ಇರುತ್ತದೆ. ಐಸ್‌ಕ್ರೀಮನ್ನು ಮಾತ್ರ ಮಿಲಿ ನೋಡಿ ಲೆಕ್ಕ ಹಾಕಬೇಡಿ. ಅದರಲ್ಲಿ ಗಾಳಿ ತುಂಬಿರುತ್ತದೆ. ಒಂದು ಲೀಟರ್ ಐಸ್‌ಕ್ರೀಮ್ ಕನಿಷ್ಠ 525 ಗ್ರಾಂ ತೂಗಬೇಕು ಅಂತ ನಮ್ಮ ದೇಶದ ಆಹಾರ ನಿಯಮ ಹೇಳುತ್ತದೆ. ಅಂದರೆ ಅರ್ಧದ ಹತ್ತಿರ ಗಾಳಿ ಇದ್ದರೂ ಅದು ನಿಯಮದ ಒಳಗೇ ಇದೆ.

ಈಗ ಅನ್ನಕ್ಕೆ ಬರೋಣ. ನಿಮ್ಮಂಥವರ ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ.

ನಮ್ಮ ದೇಶದ ಆಹಾರಗಳಲ್ಲಿ ಏನೇನಿದೆ ಅನ್ನುವ ಪಟ್ಟಿಯನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊಸದಾಗಿ ಮಾಡಿತು. ಐನೂರಕ್ಕೂ ಹೆಚ್ಚು ಪದಾರ್ಥಗಳು ಅದರಲ್ಲಿವೆ. ಎಲ್ಲಕ್ಕೂ ಲೆಕ್ಕ 100 ಗ್ರಾಮಿಗೆ, ಅದೂ ಸಿಪ್ಪೆ-ಬೀಜ ತೆಗೆದು ತಿನ್ನುವ ಭಾಗಕ್ಕೆ. ಕಾಳು, ಬೇಳೆ, ಅಕ್ಕಿ ಎಲ್ಲ ಬೇಯಿಸದ ಸ್ಥಿತಿಯಲ್ಲಿ. ಆ ಪಟ್ಟಿಯ ಪ್ರಕಾರ 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 356 ಕ್ಯಾಲೊರಿ, 100 ಗ್ರಾಂ ರಾಗಿಯಲ್ಲಿ ಸುಮಾರು 320, ತೊಗರಿಬೇಳೆಯಲ್ಲಿ ಸುಮಾರು 330. ಮೂಲ ಪಟ್ಟಿ ತೆರೆದರೆ ಗಾಬರಿಯಾಗಬೇಡಿ, ಅದರಲ್ಲಿ ಶಕ್ತಿಯನ್ನು ಕಿಲೋಜೂಲಿನಲ್ಲಿ ಕೊಟ್ಟಿದ್ದಾರೆ. 4.184ರಿಂದ ಭಾಗಿಸಿದರೆ ಕ್ಯಾಲೊರಿ ಸಿಗುತ್ತದೆ.

ಇನ್ನು ಅನ್ನ ನೋಡಿ. 200 ಗ್ರಾಂ ಅಕ್ಕಿ ಅಂದರೆ 712 ಕ್ಯಾಲೊರಿ. ಅದನ್ನು ಉದುರುದುರಾಗಿ ಮಾಡಿದರೆ 550 ಗ್ರಾಂ ಅನ್ನ ಆಗುತ್ತದೆ. ಮಕ್ಕಳಿಗೆ, ವಯಸ್ಸಾದವರಿಗೆ ಅಂತ ನೀರು ಜಾಸ್ತಿ ಹಾಕಿ ಮೆತ್ತಗೆ ಮಾಡಿದರೆ 700 ಗ್ರಾಂ. ಅಕ್ಕಿ ಅಷ್ಟೇ, ಕ್ಯಾಲೊರಿ ಅಷ್ಟೇ, ಹೆಚ್ಚಾದದ್ದು ನೀರು. ಉದುರು ಅನ್ನದಲ್ಲಿ 100 ಗ್ರಾಮಿಗೆ 130 ಕ್ಯಾಲೊರಿ ಬಂತು, ಮೆತ್ತನೆಯದರಲ್ಲಿ 100ರ ಹತ್ತಿರ. ಕುಚ್ಚಲಕ್ಕಿ ಗಂಜಿ ಉಣ್ಣುವ ಕರಾವಳಿಯವರು ಗಂಜಿಯನ್ನೇ ತೂಗಿದರೆ ನೀರನ್ನೇ ತೂಗಿದ ಹಾಗೆ.

ಇದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿದೆ. 150 ಗ್ರಾಂ ಅನ್ನ ತೂಗಿ ಆ್ಯಪಿನಲ್ಲಿ 'ಅಕ್ಕಿ' ಅನ್ನುವ ಸಾಲು ಒತ್ತಿದರೆ 530 ಕ್ಯಾಲೊರಿ ಬರುತ್ತದೆ. ನಿಜಕ್ಕೂ ಉಂಡದ್ದು 195ರ ಒಳಗೆ. ತಿರುಗಾಮುರುಗ ಆದರೆ, ಅಂದರೆ 100 ಗ್ರಾಂ ಅಕ್ಕಿ ತೂಗಿ 'ಅನ್ನ' ಅಂತ ಬರೆದರೆ, 356 ಇದ್ದದ್ದು 130 ಆಗಿಬಿಡುತ್ತದೆ. ಯಂತ್ರ ಒಂದು ಗ್ರಾಮೂ ತಪ್ಪು ತೋರಿಸಿಲ್ಲ. ಆದರೂ ಲೆಕ್ಕ ಮೂರು ಪಟ್ಟು ಅಡ್ಡದಾರಿ ಹಿಡಿಯಿತು. ಅದಕ್ಕೇ ನಾನು ತೂಕವೋ ಅಳತೆಯೋ ಅನ್ನುವುದಕ್ಕಿಂತ ಮೊದಲು, ಹಸಿಯದೋ ಬೆಂದದ್ದೋ ಅಂತ ಕೇಳುತ್ತೇನೆ. ಮಾಂಸದಲ್ಲಿ ಇದು ಉಲ್ಟಾ. ಬೆಂದಾಗ ಕೋಳಿ ನೀರು ಬಿಡುತ್ತದೆ, 100 ಗ್ರಾಂ ಹಸಿ ಮಾಂಸ ಹುರಿದ ಮೇಲೆ 70–75 ಗ್ರಾಂ ಆಗುತ್ತದೆ. ಮೂಳೆಯ ತೂಕ ಕಳೆಯುವುದನ್ನೂ ಮರೆಯಬಾರದು.

ಸರಿ, ಮನೆಗೆಲ್ಲ ಒಂದೇ ಕುಕ್ಕರಿನಲ್ಲಿ ಬೇಯುವಾಗ ನನ್ನ ಪಾಲಿನ ಅಕ್ಕಿ ಎಷ್ಟು ಅಂತ ಹೇಗೆ ಗೊತ್ತಾಗುತ್ತದೆ, ಅಲ್ವಾ? ಇದಕ್ಕೆ ಚಂದದ ದಾರಿ ಇದೆ. ಅದು ನನ್ನದಲ್ಲ. 1972ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಳ್ಳಿಹಳ್ಳಿಯಲ್ಲಿ ಜನ ಏನು ಉಣ್ಣುತ್ತಾರೆ ಅಂತ ನೋಡಲು ರಾಷ್ಟ್ರೀಯ ಪೋಷಣಾ ನಿಗಾ ಬ್ಯೂರೋ ಶುರು ಮಾಡಿತು. ಸಮೀಕ್ಷೆಗೆ ಹೋದವರು ಬೇರೆಬೇರೆ ಗಾತ್ರದ ಅಳತೆ ಬಟ್ಟಲುಗಳ ಒಂದು ಸೆಟ್ ಹೊತ್ತುಕೊಂಡು ಹೋಗುತ್ತಿದ್ದರು. ಓದುವ ಕಾಲದಲ್ಲಿ ಅಂಥದೇ ಸೆಟ್ ಹಿಡಿದು ಮನೆಮನೆಗೆ ಹೋದದ್ದು ನನಗೆ ಇನ್ನೂ ನೆನಪಿದೆ. ಮನೆಯ ಹೆಂಗಸಿನ ಹತ್ತಿರ ಎರಡು ವಿಷಯ ಕೇಳಬೇಕು. ನಿನ್ನೆ ಎಷ್ಟು ಅಕ್ಕಿ ಹಾಕಿದಿರಿ, ಅದು ಬೆಂದು ಎಷ್ಟು ಬಟ್ಟಲು ಅನ್ನ ಆಯಿತು? ಆಮೇಲೆ ಒಬ್ಬೊಬ್ಬರೂ ಎಷ್ಟು ಬಟ್ಟಲು ಉಂಡರು? ಒಟ್ಟು ಎಂಟು ಬಟ್ಟಲಲ್ಲಿ ಯಜಮಾನ ಮೂರು ಉಂಡಿದ್ದರೆ, ಹಾಕಿದ ಅಕ್ಕಿಯ ಎಂಟರಲ್ಲಿ ಮೂರು ಪಾಲು ಅವನದು. ಅನ್ನ ಮೆತ್ತಗಿತ್ತೋ ಉದುರಾಗಿತ್ತೋ, ಬಟ್ಟಲು ಚಿಕ್ಕದೋ ದೊಡ್ಡದೋ, ಏನೂ ಲೆಕ್ಕಕ್ಕೆ ಬರುವುದಿಲ್ಲ. ಅನ್ನ ಹೆಂಗಸರ ತಟ್ಟೆಗೆ ಬರುವಷ್ಟರಲ್ಲಿ ಎಷ್ಟು ಉಳಿದಿರುತ್ತಿತ್ತು ಅನ್ನುವುದೂ ಇದೇ ಲೆಕ್ಕದಲ್ಲಿ ಕಾಣುತ್ತಿತ್ತು. ಅದನ್ನು ನಾನು ಮರೆತಿಲ್ಲ.

ನೋಡಿ, ಇಲ್ಲಿ ತೂಕವೂ ಇದೆ, ಅಳತೆಯೂ ಇದೆ. ಹಸಿಯದಕ್ಕೆ ತೂಕ, ಬೆಂದದ್ದಕ್ಕೆ ಬಟ್ಟಲು. ನೀವೂ ಹೀಗೇ ಮಾಡಿ. ಅಕ್ಕಿ 400 ಗ್ರಾಂ ಹಾಕಿದಿರಿ. ಬೆಂದ ಅನ್ನವನ್ನು ನಿಮ್ಮದೇ ಬಟ್ಟಲಲ್ಲಿ ಒಂದು ದಿನ ಅಳೆದಿರಿ, ಎಂಟು ಬಟ್ಟಲು ಆಯಿತು. ಅಂದರೆ ನಿಮ್ಮ ಒಂದು ಬಟ್ಟಲು ಅಂದರೆ 50 ಗ್ರಾಂ ಅಕ್ಕಿ, ಸುಮಾರು 178 ಕ್ಯಾಲೊರಿ. ಇನ್ನು ಮೇಲೆ ಆ ಬಟ್ಟಲನ್ನು ಬದಲಿಸಬೇಡಿ, ನೀರಿನ ಅಳತೆಯನ್ನೂ ಬದಲಿಸಬೇಡಿ. ದಿನಾ ಅಳೆಯುವ ಕೆಲಸ ಅಲ್ಲಿಗೆ ಮುಗಿಯಿತು.

ಹುಳಿಗೂ ಇದೇ ಲೆಕ್ಕ, ಆದರೆ ಬಟ್ಟಲಿನ ಬದಲು ಪಾತ್ರೆಯ ತೂಕ ಹಿಡಿದರೆ ಸುಲಭ. ಹುಳಿ ಮಾಡುವ ಖಾಲಿ ಪಾತ್ರೆಯನ್ನು ಒಮ್ಮೆ ತೂಗಿ, ಆ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿ. ಉದಾಹರಣೆಗೆ 780 ಗ್ರಾಂ ಅಂದುಕೊಳ್ಳಿ. ತೊಗರಿಬೇಳೆ 150 ಗ್ರಾಂ, ತರಕಾರಿ 300, ಕಾಯಿತುರಿ 50, ಎಣ್ಣೆ 10 ಹಾಕಿದಿರಿ. ಬೇಳೆಗೆ 500, ಕಾಯಿಗೆ 200, ತರಕಾರಿಗೆ 90, ಎಣ್ಣೆಗೆ 90 ಅಂತ ಹಿಡಿದರೆ ಒಟ್ಟು 880 ಕ್ಯಾಲೊರಿ. ಕುದಿಸಿ ಇಳಿಸಿದ ಮೇಲೆ ಪಾತ್ರೆ ಸಮೇತ 2,380 ಗ್ರಾಂ ಬಂತು. ಪಾತ್ರೆ ಕಳೆದರೆ ಹುಳಿ 1,600. ನೀವು 200 ಗ್ರಾಂ ಹಾಕಿಕೊಂಡರೆ ಎಂಟರಲ್ಲಿ ಒಂದು ಪಾಲು, 110 ಕ್ಯಾಲೊರಿ.

ಬಿಸಿ ಪಾತ್ರೆಯನ್ನು ಯಂತ್ರದ ಮೇಲೆ ನೇರವಾಗಿ ಇಡಬೇಡಿ, ಹಾಳಾಗುತ್ತದೆ. ಕೆಳಗೆ ಒಂದು ಮರದ ಹಲಗೆ ಇಟ್ಟು, ಯಂತ್ರದ ಗುಂಡಿ ಒತ್ತಿ ಅಂಕಿಯನ್ನು ಸೊನ್ನೆ ಮಾಡಿ, ಆಮೇಲೆ ಇಡಿ.

ಹುಳಿಯ ಲೆಕ್ಕದಲ್ಲಿ ಇನ್ನೊಂದು ಸಂಗತಿಯೂ ಹೊರಬರುತ್ತದೆ. ಆ ಇಡೀ ಪಾತ್ರೆಯಲ್ಲಿ ಪ್ರೋಟೀನ್ ಸುಮಾರು 39 ಗ್ರಾಂ. ನಿಮ್ಮ ಬಟ್ಟಲಿಗೆ ಬಂದದ್ದು 5 ಗ್ರಾಮಿನ ಹತ್ತಿರ. ಬೇಳೆ ಅಂತ ನೋಡಿದರೆ 19 ಗ್ರಾಂ. ಎರಡು ಹೊತ್ತು ಹುಳಿ ಉಂಡರೂ 38 ಗ್ರಾಂ ಬೇಳೆ ಆಗುತ್ತದೆ. 2024ರಲ್ಲಿ ಹೈದರಾಬಾದಿನ ಸಂಸ್ಥೆ ಹೊರತಂದ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ದಿನದ ಊಟಕ್ಕೆ ಬೇಳೆಕಾಳು 85 ಗ್ರಾಂ ಅಂತ ಇದೆ. ಮೊಟ್ಟೆ, ಮಾಂಸ ತಿನ್ನುವವರಿಗೆ ಅದೂ ಸೇರಿ ಅಷ್ಟು. ನಾವು ದಿನಾ ಬೇಳೆ ತಿನ್ನುತ್ತೇವಲ್ಲ ಅಂತ ನೆಮ್ಮದಿಯಾಗಿ ಇರುವ ಎಷ್ಟೋ ಮನೆಗಳಲ್ಲಿ ಬೇಳೆಯನ್ನು ತೂಗಿದ ದಿನವೇ ಕೊರತೆ ಗೊತ್ತಾದದ್ದು. ತೂಕದ ಯಂತ್ರ ಅಂದರೆ ಕಡಿಮೆ ತಿನ್ನಿಸುವ ಯಂತ್ರ ಅಂತ ಜನ ತಿಳಿದಿದ್ದಾರೆ. ಏನನ್ನು ಜಾಸ್ತಿ ತಿನ್ನಬೇಕು ಅಂತಲೂ ಅದು ತೋರಿಸುತ್ತದೆ.

ಅದೇ ಮಾರ್ಗಸೂಚಿಯಲ್ಲಿ ಧಾನ್ಯ 250 ಗ್ರಾಂ, ತರಕಾರಿ-ಸೊಪ್ಪು 400, ಹಣ್ಣು 100, ಎಣ್ಣೆ-ಕೊಬ್ಬು 27 ಅಂತ ಇದೆ. ಇದೆಲ್ಲ ಹಸಿ ತೂಕ. ಧಾನ್ಯ 250 ಗ್ರಾಂ ಅನ್ನುವುದನ್ನು ಅನ್ನ 250 ಗ್ರಾಂ ಅಂತ ಓದಿಕೊಂಡು, ಇಷ್ಟೇನಾ ದಿನಕ್ಕೆ ಅಂತ ಕಂಗಾಲಾಗಿ ಬಂದವರನ್ನು ನಾನು ನೋಡಿದ್ದೇನೆ.

ಒಂದು ಎಚ್ಚರಿಕೆ. ಹುಳಿ, ಸಾರು ಕದಡಿ ಬಡಿಸಿಕೊಳ್ಳಿ. ಮೇಲಿನ ತಿಳಿ 200 ಗ್ರಾಮೂ ತಳದ ಗಟ್ಟಿ 200 ಗ್ರಾಮೂ ಯಂತ್ರಕ್ಕೆ ಒಂದೇ. ಆದರೆ ಬೇಳೆಯೆಲ್ಲ ತಳದಲ್ಲಿ ಕೂತಿರುತ್ತದೆ. ಬರೀ ತಿಳಿ ಹಾಕಿಕೊಂಡವರ ಲೆಕ್ಕ ಎಷ್ಟು ಗ್ರಾಂ ತೂಗಿದರೂ ಸರಿ ಬರುವುದಿಲ್ಲ.

ಮುದ್ದೆ ವಿಷಯವನ್ನೂ ಬರೆದಿದ್ದೀರಿ. ನಮ್ಮ ಮನೆಯಲ್ಲೇ ಒಂದು ದಿನ ಕಟ್ಟಿದ ಎರಡು ಮುದ್ದೆ ತೂಗಿದೆ. ಒಂದು 310 ಗ್ರಾಂ, ಇನ್ನೊಂದು 180. ಬಡಿಸುವವರ ಕೈಯಲ್ಲಿ ಎರಡೂ 'ಒಂದು ಮುದ್ದೆ'. ಇದಕ್ಕೂ ಹಿಟ್ಟನ್ನೇ ತೂಗಿ. 300 ಗ್ರಾಂ ಹಿಟ್ಟು ಹಾಕಿ ಮೂರು ಸಮನಾದ ಮುದ್ದೆ ಕಟ್ಟಿದರೆ ಒಂದೊಂದರಲ್ಲಿ 100 ಗ್ರಾಂ ರಾಗಿ, 320 ಕ್ಯಾಲೊರಿ, ಜೊತೆಗೆ 360 ಮಿಲಿಗ್ರಾಮಿನಷ್ಟು ಕ್ಯಾಲ್ಸಿಯಂ. ಸಕ್ಕರೆ ಅಂಚಿನಲ್ಲಿದೆ ಅಂದಿದ್ದೀರಿ. ಆ ಒಂದು ಮುದ್ದೆಯಲ್ಲಿ ಕಾರ್ಬೋಹೈಡ್ರೇಟ್ 67 ಗ್ರಾಂ ಇದೆ ಅನ್ನುವುದು ನಿಮಗೆ ಗೊತ್ತಿರಬೇಕು. ರಾಗಿ ಒಳ್ಳೆಯದು ಅಂತ ಲೆಕ್ಕ ಬಿಟ್ಟು ಎರಡು ಉಂಡರೆ ಅಕ್ಕಿ ಬಿಟ್ಟ ಲಾಭ ಹೋಯಿತು.

ಉತ್ತರ ಕರ್ನಾಟಕದವರಿಗೆ ರೊಟ್ಟಿಯಲ್ಲಿ ತೂಕಕ್ಕಿಂತ ಎಣಿಕೆ ಮೇಲು. ಅರ್ಧ ಕಿಲೋ ಜೋಳದ ಹಿಟ್ಟಿಗೆ ಹತ್ತು ರೊಟ್ಟಿ ಬಡಿದರೆ ಒಂದಕ್ಕೆ 50 ಗ್ರಾಂ ಹಿಟ್ಟು. ಬಿಸಿ ರೊಟ್ಟಿಯಲ್ಲಿ ನೀರಿರುತ್ತದೆ, ಭಾರ. ಅದೇ ರೊಟ್ಟಿ ಕಟಕ್ ಆದ ಮೇಲೆ ನೀರು ಹೋಗಿ ಹಗುರ. ಹಿಟ್ಟು ಎರಡರಲ್ಲೂ ಅಷ್ಟೇ. ಕಟಕ್ ರೊಟ್ಟಿ ಹಗುರ ಅಂತ ಎರಡು ಜಾಸ್ತಿ ಮುರಿದರೆ ಎರಡು ರೊಟ್ಟಿ ಜಾಸ್ತಿಯೇ.

ತುಪ್ಪ, ಎಣ್ಣೆ, ಶೇಂಗಾ ಚಟ್ನಿಪುಡಿ, ಹುರಿದ ಕಡಲೆಬೀಜ ಇವುಗಳಲ್ಲಿ ಮಾತ್ರ ಅಂದಾಜು ಬೇಡ. ಸೌತೆಕಾಯಿ 50 ಗ್ರಾಂ ಆಚೀಚೆ ಆದರೆ ಏನೂ ಆಗುವುದಿಲ್ಲ. ಎಣ್ಣೆ 10 ಗ್ರಾಂ ಆಚೀಚೆ ಆದರೆ 90 ಕ್ಯಾಲೊರಿ. ಒಂದು ಹಿಡಿ ಕಡಲೆಬೀಜ ನನ್ನ ಕೈಯಲ್ಲಿ 30 ಗ್ರಾಂ, ನಮ್ಮ ಮನೆಯವರ ಕೈಯಲ್ಲಿ 45. ಅಲ್ಲಿಗೇ 75 ಕ್ಯಾಲೊರಿಗೂ ಜಾಸ್ತಿ ವ್ಯತ್ಯಾಸ.

ಇವನ್ನು ತೂಗಲು ಪಾತ್ರೆ ಕೊಳೆ ಮಾಡಬೇಕಾಗಿಲ್ಲ. ಎಣ್ಣೆ ಜಗ್ಗನ್ನೇ ಯಂತ್ರದ ಮೇಲಿಟ್ಟು ಸೊನ್ನೆ ಗುಂಡಿ ಒತ್ತಿ. ಜಗ್ಗು ಎತ್ತಿ ಬಾಣಲೆಗೆ ಹುಯ್ಯಿರಿ, ವಾಪಸ್ ಇಡಿ. ಮೈನಸ್ 12 ಅಂತ ತೋರಿಸಿದರೆ ಬಾಣಲೆಗೆ ಹೋದದ್ದು 12 ಗ್ರಾಂ. ತುಪ್ಪದ ಡಬ್ಬಿ, ಚಟ್ನಿಪುಡಿ ಡಬ್ಬಿ, ಬೆಲ್ಲದ ಡಬ್ಬಿಗೂ ಇದೇ. ಈ ಒಂದು ಉಪಾಯ ಹೇಳಿಕೊಟ್ಟ ಮೇಲೆ ಬರೆಯುವುದನ್ನು ಅರ್ಧಕ್ಕೆ ಬಿಟ್ಟವರೂ ಮತ್ತೆ ಶುರು ಮಾಡಿದ್ದಾರೆ.

ದಿನದಿನದ ಒಗ್ಗರಣೆ ತೂಗುವುದೂ ಕಷ್ಟ ಅನ್ನಿಸಿದರೆ ತಿಂಗಳ ಲೆಕ್ಕ ಹಿಡಿಯಿರಿ. ನಾಲ್ಕು ಜನಕ್ಕೆ ತಿಂಗಳಿಗೆ ಮೂರು ಲೀಟರ್ ಎಣ್ಣೆ ಖಾಲಿಯಾದರೆ 2,730 ಗ್ರಾಂ. ನಾಲ್ಕರಿಂದ, ಮೂವತ್ತರಿಂದ ಭಾಗಿಸಿ. ಒಬ್ಬರಿಗೆ ದಿನಕ್ಕೆ 23 ಗ್ರಾಮಿನ ಹತ್ತಿರ. ತುಪ್ಪ, ಬೆಣ್ಣೆ ಸೇರಿದರೆ ಮಾರ್ಗಸೂಚಿಯ 27 ದಾಟಿತು. ಉಪ್ಪಿಗೆ ನಾನು ಯಾವಾಗಲೂ ಇದನ್ನೇ ಹೇಳುವುದು. ಅಡುಗೆಮನೆಯ ಯಂತ್ರ 2–3 ಗ್ರಾಂ ಉಪ್ಪನ್ನು ನಂಬುವ ಹಾಗೆ ತೂಗುವುದಿಲ್ಲ. ಚಮಚದಲ್ಲಿ ಅಳೆದರೆ ಕಲ್ಲುಪ್ಪಿಗೂ ಪುಡಿಉಪ್ಪಿಗೂ ತೂಕ ಬೇರೆ. ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಲೆಕ್ಕಕ್ಕೆ ನಾಲ್ಕು ಜನರ ಮನೆಯಲ್ಲಿ ಒಂದು ಕಿಲೋ ಪ್ಯಾಕೆಟ್ 50 ದಿನ ಬರಬೇಕು. ಪ್ಯಾಕೆಟ್ ಒಡೆದ ತಾರೀಕನ್ನು ಅದರ ಮೇಲೇ ಬರೆದಿಡಿ. ಉಪ್ಪಿನಕಾಯಿ, ಹಪ್ಪಳದ ಉಪ್ಪು ಬೇರೆ.

ಇಷ್ಟೆಲ್ಲ ಹೇಳಿ, ಇನ್ನೊಂದು ಮಾತನ್ನೂ ಹೇಳಲೇಬೇಕು. ಒಂದೊಂದು ಗ್ರಾಮಿಗೆ ಜೀವ ಹಿಂಡಿಕೊಳ್ಳಬೇಡಿ. ಪಟ್ಟಿಯಲ್ಲಿರುವ ಅಂಕಿಗಳೇ ಸರಾಸರಿ. ರಾಗಿಯ ತಳಿ, ಮಣ್ಣು, ಮಳೆ ಬದಲಾದರೆ ಅದರೊಳಗಿನ ಸತ್ವವೂ ಸ್ವಲ್ಪ ಬದಲಾಗುತ್ತದೆ. ಕೊಬ್ಬಿಗೆ 9, ಪ್ರೋಟೀನಿಗೆ 4, ಕಾರ್ಬೋಹೈಡ್ರೇಟಿಗೆ 4 ಅನ್ನುವುದು ಅಮೆರಿಕದ ವಿಜ್ಞಾನಿ ಆಟ್‌ವಾಟರ್ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕಂಡುಕೊಂಡ, ದಶಾಂಶ ಬಿಟ್ಟು ಪೂರ್ಣ ಮಾಡಿದ ಅಂಕಿ. ನೂರಕ್ಕೆ ಹತ್ತರಷ್ಟು ಆಚೀಚೆ ಇದ್ದರೂ ನಿಮಗೆ ಸಾಕು. ನಿಮ್ಮ ಈಗಿನ ಲೆಕ್ಕದಲ್ಲಿ ತುಪ್ಪದಲ್ಲಿ 170, ಅನ್ನದ ಬಟ್ಟಲಲ್ಲಿ 200, ಮುದ್ದೆಯಲ್ಲಿ 100 ಹೀಗೆ ಸೋರುತ್ತಿದ್ದರೆ 1,400 ಅನ್ನುವುದು 1,850ರ ಮೇಲೆ ಹೋಗಿರುತ್ತದೆ. ಮುಚ್ಚಬೇಕಾದ ತೂತು ಅದು.

ಗ್ರಾಂ ಗ್ರಾಂ ನೋಡಲೇಬೇಕಾದವರು ಬೇರೆ ಇದ್ದಾರೆ. ಟೈಪ್ 1 ಸಕ್ಕರೆ ಕಾಯಿಲೆಯಲ್ಲಿ ಊಟದ ಕಾರ್ಬೋಹೈಡ್ರೇಟ್ ನೋಡಿ ಇನ್ಸುಲಿನ್ ಹಾಕಿಕೊಳ್ಳುವವರು, ಮೂರ್ಛೆರೋಗಕ್ಕೆ ಕೀಟೋಜೆನಿಕ್ ಪಥ್ಯದಲ್ಲಿರುವ (ಕೊಬ್ಬು ಜಾಸ್ತಿ, ಕಾರ್ಬೋಹೈಡ್ರೇಟ್ ತೀರಾ ಕಡಿಮೆ ಇರುವ ಊಟ) ಮಕ್ಕಳು, ಕಿಡ್ನಿ ತೊಂದರೆ ಇರುವವರು. ಅವರು ತಮ್ಮ ಡಾಕ್ಟರ್, ಆಹಾರ ತಜ್ಞರು ಹೇಳಿದ ಹಾಗೇ ತೂಗಬೇಕು, ನನ್ನ ಈ ಅಂದಾಜು ಅವರಿಗಲ್ಲ. ಹಸುಗೂಸಿಗೆ ಡಬ್ಬಿ ಹಾಲು ಕಲಸುವವರು ಆ ಡಬ್ಬಿಯಲ್ಲೇ ಬಂದ ಚಮಚವನ್ನು ತಲೆ ಸವರಿ ಹಾಕಬೇಕು, ಬೇರೆ ಡಬ್ಬಿಯದು ಬೇಡ. ಆ ಚಮಚವನ್ನು ಆ ಪುಡಿಯ ಭಾರ ನೋಡಿಯೇ ಮಾಡಿರುತ್ತಾರೆ. ಇನ್ನು, ತೂಗದೆ ಒಂದು ತುತ್ತೂ ಬಾಯಿಗಿಡಲು ಭಯ ಆಗುತ್ತಿದೆ ಅನ್ನಿಸಿದರೆ ಯಂತ್ರವನ್ನು ಎತ್ತಿಟ್ಟು ಯಾರ ಹತ್ತಿರವಾದರೂ ಮಾತಾಡಿ. ಅದೂ ಒಂದು ಕಾಯಿಲೆ, ಅದಕ್ಕೂ ಚಿಕಿತ್ಸೆ ಇದೆ. ಬೆಳೆಯುವ ಮಕ್ಕಳ ತಟ್ಟೆಯನ್ನು ದಯವಿಟ್ಟು ತೂಗಬೇಡಿ.

ಯಂತ್ರ ತಗೊಳ್ಳುವಾಗ 5 ಕಿಲೋವರೆಗೆ ತೂಗುವ, ಒಂದೊಂದು ಗ್ರಾಂ ತೋರಿಸುವ, ಸೊನ್ನೆ ಗುಂಡಿ ಇರುವ ಸಾದಾ ಯಂತ್ರ ಸಾಕು. ಮೊಬೈಲಿಗೆ ಜೋಡಿಸುವ ದುಬಾರಿಯದು ಬೇಡ. ಮೊದಲ ದಿನ ಪರೀಕ್ಷೆ ಮಾಡಿ. ಹತ್ತು ರೂಪಾಯಿಯ ನಾಣ್ಯ ಒಂದು ಸುಮಾರು 7.7 ಗ್ರಾಂ. ಹತ್ತು ನಾಣ್ಯ ಒಟ್ಟಿಗೆ ಇಟ್ಟರೆ 77ರ ಆಸುಪಾಸು ಬರಬೇಕು. ಕಲ್ಲಿನ ಕಟ್ಟೆಯ ಮೇಲೆ ಅಲುಗಾಡದ ಹಾಗೆ ಇಡಿ. ಸೆಲ್ ಇಳಿದಾಗ ಅಂಕಿ ಕುಣಿಯಲು ಶುರು ಆಗುತ್ತದೆ, ಆಗ ನಂಬಬೇಡಿ.

ಮೊದಲ ಎರಡು ಮೂರು ವಾರ ಒಂದು ಅಭ್ಯಾಸ ಮಾಡಿ. ತೂಗುವ ಮುಂಚೆ ಇದು ಎಷ್ಟಿರಬಹುದು ಅಂತ ಬಾಯಿಬಿಟ್ಟು ಹೇಳಿ, ಆಮೇಲೆ ಇಡಿ. ಶುರುವಿನಲ್ಲಿ ಎಲ್ಲೋ ಹೇಳುತ್ತೀರಿ. ಬರುಬರುತ್ತಾ ಕಣ್ಣಳತೆ ಕೂರುತ್ತದೆ. ಮದುವೆ ಮನೆಗೆ, ಹೋಟೆಲಿಗೆ ಹೋದಾಗ ನಿಮ್ಮ ಜೊತೆ ಬರುವುದು ಆ ಕಣ್ಣಳತೆಯೇ.

ಅತ್ತೆಯವರ ಬೇಜಾರಿನ ಬಗ್ಗೆ ಬರೆದಿದ್ದೀರಿ. ಅವರ ಮಾತನ್ನು ತಳ್ಳಿಹಾಕಬೇಡಿ. ಉಣ್ಣಲು ಕೂತವರ ಮುಂದೆ ತಕ್ಕಡಿ ಇಡುವುದು ನನಗೂ ಸರಿ ಕಾಣುವುದಿಲ್ಲ. ಆದರೆ ಅವರು ಡಬ್ಬಿಯಿಂದ ಅಕ್ಕಿ ತೆಗೆಯುವಾಗ ಪಾವಿನಲ್ಲಿ ಅಳೆದೇ ಹಾಕುತ್ತಾರೆ ಅಲ್ವಾ? ನಾಳೆ ಆ ಪಾವನ್ನೇ ಅವರ ಕೈಯಲ್ಲಿ ತುಂಬಿಸಿ, ಒಂದೇ ಒಂದು ಸಲ ತೂಗಿ, ಅಂಕಿಯನ್ನು ಬರೆದಿಟ್ಟುಕೊಳ್ಳಿ. ನಮ್ಮ ಮನೆಯ ಪಾವು ತಲೆ ಸವರಿದರೆ 200 ಗ್ರಾಂ, ಗೋಪುರ ಮಾಡಿದರೆ 230. ನಿಮ್ಮದು ಬೇರೆ ಇರಬಹುದು. ಅವರು ಎಂದಿನಂತೆ ಪಾವಿನಲ್ಲೇ ಅಳೆದು ಹಾಕಲಿ. ಅಕ್ಕಿ ತೊಳೆಯಲು ನೀರು ಬಿಡುವ ಮುಂಚೆಯೇ ನಿಮ್ಮ ಲೆಕ್ಕ ಮುಗಿದಿರುತ್ತದೆ.